ಬಲ್ಬಿಗೆ ಗೊತ್ತಾಗಿದ್ದು ಮೀಟರಿಗೆ ಗೊತ್ತಾಗಲಿಲ್ಲ

ಕತ್ತಲಾಗುತ್ತಾ ಬಂತು ಅಂತ ಕಾರಿನ ಲೈಟ್ ಹಾಕಿದೆ. ರೇಡಿಯೋ ನಿಂತುಹೋಯಿತು. ಲೈಟ್ ಆರಿಸಿದೆ, ಮತ್ತೆ ಹಾಡಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ನಾಲ್ಕೈದು ಸಲ ಹೀಗೇ ಆಟ ಆಡಿ, ಕೊನೆಗೆ ಲೈಟೇ ಮುಖ್ಯ ಅಂತ ಸುಮ್ಮನೆ ಮನೆಗೆ ಬಂದೆ.

ಗಾಡಿ 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿಗೆ ಬಂದ ಮೇಲೆ ಅಂಟಿಕೊಂಡ ಹುಚ್ಚು. ಇಲ್ಲಿ ಹಳೇ ಕಾರು ಇಟ್ಟುಕೊಂಡಿರುವ ನನ್ನ ಪರಿಚಯದವರೆಲ್ಲರ ಗ್ಯಾರೇಜಿನಲ್ಲೂ ವರ್ಕ್‌ಶಾಪ್ ಮ್ಯಾನುಯಲ್ ಇದೆ. ಕೆಲವರಂತೂ ವೈರಿಂಗ್ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ತಗುಲಿಹಾಕಿದ್ದಾರೆ. ಏನೇ ಕೆಟ್ಟರೂ ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಕಾರು. ನಮ್ಮ ಕಡೆ ಚಿಕ್ಕಂದಿನಲ್ಲಿ ನಾನು ನೋಡಿದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ನಕ್ಷೆ ಇರಲಿಲ್ಲ. ಒಂದು ಬಲ್ಬು, ಅದಕ್ಕೆ ಬೆಸೆದ ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊಳೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ ಒಂದು ಸಲ ಹೇಳಿದ್ದರು: "ಕರೆಂಟು ಬಂದ್ರೆ ಸಾಲ್ದು ಮರಿ, ಲೋಡು ತಡೀಬೇಕು." ಆಗ ಅರ್ಥವಾಗಿರಲಿಲ್ಲ.

ಮಾರನೇ ದಿನ ನಾನೂ ಇಲ್ಲಿನವರಂತೆ ನಕ್ಷೆ ಹರವಿಕೊಂಡು ಕೂತೆ. ನಿಜ ಹೇಳಬೇಕೆಂದರೆ ಆ ಕಾಲದ ಬ್ರಿಟಿಷ್ ಕಾರುಗಳ ವೈರಿಂಗ್ ಓದೋದಕ್ಕೆ ಬಹಳ ಚೆನ್ನ. ಕಂದು ವೈರು ಅಂದರೆ ಬ್ಯಾಟರಿಯಿಂದ ಯಾವಾಗಲೂ ಬರುವ ಕರೆಂಟು. ಅದೇ ಫ್ಯೂಸ್ ದಾಟಿ ಬಂದರೆ ನೇರಳೆ. ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ ಬರುವುದು, ಅದು ಫ್ಯೂಸ್ ದಾಟಿದರೆ ಹಸಿರು. ಕಪ್ಪು ಅರ್ಥ್‌ಗೆ, ಅಂದರೆ ಕಾರಿನ ಲೋಹದ ಬಾಡಿಯ ಮೂಲಕ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರಿಗೆ. ಒಮ್ಮೆ ತಲೆಗೆ ಹೋದರೆ ಮರೆಯಲ್ಲ. ಈ ವೈರಿಂಗ್ ಸಾಮಾನು ಮಾಡುತ್ತಿದ್ದ ಲ್ಯೂಕಸ್ ಕಂಪನಿಯನ್ನು ಇಲ್ಲಿನವರು 'ಕತ್ತಲೆಯ ರಾಜಕುಮಾರ' ಅಂತ ಗೇಲಿ ಮಾಡುತ್ತಾರೆ. ನನಗೇನೋ ಅದು ಅನ್ಯಾಯ ಅನ್ನಿಸುತ್ತೆ. ಅರವತ್ತು ವರ್ಷದಲ್ಲಿ ಎಷ್ಟು ಜನ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿರುತ್ತಾರೆ, ಲೆಕ್ಕ ಇದೆಯಾ?

ನಕ್ಷೆಯ ತೊಂದರೆಯೂ ಅಲ್ಲೇ ಇರೋದು. ಅದು 1965ರಲ್ಲಿ ಕಾರ್ಖಾನೆಯಿಂದ ಹೊರಬಂದ ಕಾರಿನ ನಕ್ಷೆ. ನನ್ನ ಮುಂದೆ ನಿಂತಿರುವ ಕಾರಿನದ್ದಲ್ಲ. ಒಂದೇ ಉದಾಹರಣೆ ಸಾಕು. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ ಸೇರಿರುತ್ತೆ. ಪುಸ್ತಕ ಹಾಗೇ ಹೇಳುತ್ತೆ. ಸೀಟಿನ ಹಿಂದೆ ಇರುವ ಎರಡು 6 ವೋಲ್ಟ್ ಬ್ಯಾಟರಿಗಳ ಮುಚ್ಚಳ ತೆಗೆದು ನೋಡಿದರೆ ನನ್ನ ಗಾಡಿಯಲ್ಲಿ ಮೈನಸ್ ಬಾಡಿಗೆ! ಯಾರೋ ಹಿಂದಿನ ಮಾಲೀಕರು ತಿರುಗಿಸಿದ್ದಾರೆ. ತಿರುಗಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಈಗಿನ ರೇಡಿಯೋಗಳಿಗೆ ಮೈನಸ್ಸೇ ಬಾಡಿಯಾಗಬೇಕು. ಪಾಸಿಟಿವ್ ಅರ್ಥ್ ಗಾಡಿಗೆ ಅಂಥದ್ದನ್ನು ಹಾಕಿದರೆ ರೇಡಿಯೋ ಡಬ್ಬಿ ಡ್ಯಾಶ್‌ಬೋರ್ಡಿಗೆ ತಗುಲಿದ ತಕ್ಷಣ ಶಾರ್ಟ್. ಡಬ್ಬಿಗೆ ರಬ್ಬರ್ ಸುತ್ತಿದರೂ ಬಿಡುಗಡೆ ಇಲ್ಲ. ಆಂಟೆನಾ ವೈರಿನ ಹೊರಗಿನ ಹೆಣಿಗೆ ರೇಡಿಯೋ ಡಬ್ಬಿಗೂ ಸೇರಿರುತ್ತೆ, ಆ ಕಡೆ ಬಾಡಿಗೂ ಸೇರಿರುತ್ತೆ. ಆ ದಾರಿಯಲ್ಲೇ ಶಾರ್ಟ್ ಆಗುತ್ತೆ.

ಹಾಗಾಗಿ ನಕ್ಷೆ ಮಡಚಿಟ್ಟು ವೋಲ್ಟ್ ಅಳೆಯೋ ಮೀಟರ್ ತಗೊಂಡೆ. ರೇಡಿಯೋದ ಪ್ಲಗ್ ಕಳಚಿ ಒಂದು ಮೊನೆ ಕೆಂಪು ವೈರಿಗೆ, ಇನ್ನೊಂದು ಕಪ್ಪಿಗೆ. 12.4 ವೋಲ್ಟ್. ಹಳದಿ ವೈರಿನಲ್ಲೂ ಅಷ್ಟೇ, ಅದು ರೇಡಿಯೋ ಸ್ಟೇಷನ್‌ಗಳನ್ನು ನೆನಪಿಟ್ಟುಕೊಳ್ಳೋಕೆ ಅಂತ ಯಾವಾಗಲೂ ಕರೆಂಟು ಇರಬೇಕಾದ ವೈರು. ಎಲ್ಲಾ ಸರಿ ಇದೆ, ರೇಡಿಯೋನೇ ಹೋಗಿದೆ ಅಂದುಕೊಂಡೆ. ಇಲ್ಲಿನ ಇಬ್ಬರು ಪರಿಚಯದವರೂ ಅದನ್ನೇ ಅಂದರು. ಒಬ್ಬರು ಹೊಸ ರೇಡಿಯೋ ಹಾಕು ಅಂದರು, ಇನ್ನೊಬ್ಬರು ಇಡೀ ವೈರಿಂಗ್ ಬದಲಾಯಿಸು ಅಂದರು. ಇಲ್ಲಿನವರ ಈ ಚಾಳಿ ನನಗೆ ಅಷ್ಟು ಹಿಡಿಸಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋ ಮೊದಲೇ ಹೊಸ ಸಾಮಾನಿನ ಮಾತು.

ಆಗ ಆ ಬಲ್ಬಿನ ನೆನಪಾಯಿತು. 21 ವ್ಯಾಟಿನ ಇಂಡಿಕೇಟರ್ ಬಲ್ಬು ಒಂದಕ್ಕೆ ಎರಡು ವೈರು ಬೆಸೆದೆ. ಮೀಟರ್ ಹಿಡಿದಿದ್ದ ಅದೇ ಎರಡು ಜಾಗಕ್ಕೆ ಹಿಡಿದೆ. ಉರಿಯಿತು, ಆದರೆ ಅರಿಶಿನದಂತೆ ಹಳದಿ ಬೆಳಕು. ಲೈಟ್ ಹಾಕಿದೆ. ಇನ್ನೂ ಮಂಕಾಯಿತು. ಕಪ್ಪು ವೈರು ಬಿಟ್ಟು, ಬಲ್ಬಿನ ಆ ತುದಿಯನ್ನು ಒಂದು ಉದ್ದ ವೈರಿನಲ್ಲಿ ನೇರ ಬ್ಯಾಟರಿ ಮೈನಸ್ಸಿಗೆ ಕೊಟ್ಟೆ. ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯಿತು. ಅಲ್ಲಿಗೆ ಮುಗೀತು. ಬರುವ ಕರೆಂಟು ಸರಿ ಇದೆ, ವಾಪಸ್ ಹೋಗೋ ದಾರಿ ಕೆಟ್ಟಿದೆ.

ಮೀಟರ್ ಯಾಕೆ ಹೇಳಲಿಲ್ಲ? ಅದು ಕರೆಂಟನ್ನೇ ಕುಡಿಯೋದಿಲ್ಲ, ಅದಕ್ಕೆ. ಡಿಜಿಟಲ್ ಮೀಟರ್ ಒಳಗೆ ಸಾಮಾನ್ಯವಾಗಿ 10 ಮೆಗಾ ಓಮ್ ತಡೆ ಇರುತ್ತೆ. ದಾರಿಯಲ್ಲಿ ಎಲ್ಲೋ 3 ಓಮ್ ಕೊಳೆ ಕೂತಿದ್ದರೆ ಅದಕ್ಕೆ ಕಾಣೋದೇ ಇಲ್ಲ. ಬಲ್ಬು ಹಾಗಲ್ಲ, ಸುಮಾರು 1.75 ಆಂಪಿಯರ್ ಎಳೆಯುತ್ತೆ. ಆ 3 ಓಮ್ ಅಡ್ಡ ಇದ್ದರೆ ಅಷ್ಟು ಪೂರ್ತಿ ಎಳೆಯೋಕಾಗಲ್ಲ, ಆದರೂ ಅದರ ಮೇಲೆ ನಾಲ್ಕು ವೋಲ್ಟ್ ಹತ್ತಿರ ಸೋರಿಹೋಗುತ್ತೆ. ಮೀಟರಿನದ್ದೇ ತಪ್ಪು ಅಂತಲ್ಲ, ಹಿಡಿದವನ ತಪ್ಪು. ಪ್ಲಗ್ ಹಾಕಿ ರೇಡಿಯೋ ಹಾಡುತ್ತಿರುವಾಗ ಅದರ ಡಬ್ಬಿಗೂ ಬ್ಯಾಟರಿ ಮೈನಸ್ಸಿಗೂ ಮಧ್ಯೆ ಅಳೆದೆ. ನನ್ನ ಗಾಡಿಯಲ್ಲಿ ಡಬ್ಬಿಯಾಗಲಿ ಆಂಟೆನಾ ಹೆಣಿಗೆಯಾಗಲಿ ಬಾಡಿಗೆ ತಗುಲಿರಲಿಲ್ಲ, ವಾಪಸ್ ದಾರಿ ಅಂತ ಇದ್ದದ್ದು ಕಪ್ಪು ವೈರೊಂದೇ. 3.1 ವೋಲ್ಟ್. ಲೈಟ್ ಹಾಕಿದರೆ ಐದು ದಾಟಿತು. ಅರ್ಥ್ ಸರಿ ಇದ್ದರೆ 0.2ಕ್ಕಿಂತ ಕಡಿಮೆ ಇರಬೇಕು ಅಲ್ವಾ?

ಆಮೇಲಿನದ್ದು ಬೆನ್ನು ನೋವಿನ ಕೆಲಸ. ಸೀಟಿನ ಮೇಲೆ ಕಾಲು, ಪೆಡಲ್ ಪಕ್ಕ ತಲೆ, ಬಾಯಲ್ಲಿ ಟಾರ್ಚು. ಕಪ್ಪು ವೈರನ್ನು ಬೆರಳಲ್ಲೇ ತಡವುತ್ತಾ ಹೋದೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸ್ಕ್ರೂ ಕೆಳಗೆ ಮೂರು ಕಪ್ಪು ವೈರು ಒಟ್ಟಿಗೆ ಸಿಕ್ಕಿಸಿದ್ದರು. ಒಂದು ರೇಡಿಯೋದು, ಉಳಿದವು ಡ್ಯಾಶ್‌ಬೋರ್ಡಿನ ಮೀಟರುಗಳ ಒಳಗೆ, ಲೈಟ್ ಹಾಕಿದಾಗ ಉರಿಯೋ ಪುಟ್ಟ ದೀಪಗಳದ್ದು. ಸ್ಕ್ರೂ ಬಿಚ್ಚಿದೆ. ವೈರಿನ ತುದಿಯ ತಾಮ್ರಕ್ಕೆ ಹಸಿರು ಕಿಲುಬು. ಕೆಳಗಿನ ತಗಡಿಗೆ ಬಣ್ಣ, ಅದೂ ಎರಡು ಪದರ! ಯಾರೋ ಕಾರಿಗೆ ಹೊಸ ಬಣ್ಣ ಹೊಡೆಸಿ, ಕೆರೆಯದೆ ಅದರ ಮೇಲೇ ಸ್ಕ್ರೂ ತಿರುಗಿಸಿದ್ದಾರೆ. ಸ್ಕ್ರೂವಿನ ಎಳೆಗಳು ತಗಡನ್ನು ಮುಟ್ಟುತ್ತಿದ್ದಷ್ಟೇ ಕನೆಕ್ಷನ್ನು. ರೇಡಿಯೋ ಒಂದೇ ಇದ್ದಾಗ ಹೇಗೋ ನಡೆಯುತ್ತಿತ್ತು. ದೀಪಗಳ ಕರೆಂಟೂ ಅದೇ ಕಿಂಡಿಯಲ್ಲಿ ನುಗ್ಗಿದಾಗ ರೇಡಿಯೋಗೆ ಏಳು ವೋಲ್ಟೂ ಉಳಿಯುತ್ತಿರಲಿಲ್ಲವೇನೋ. ನಿಲ್ಲದೆ ಏನು ಮಾಡುತ್ತೆ ಪಾಪ.

ಇಷ್ಟು ಹೇಳಿ ನಮ್ಮ ಕಡೆಯ ರೀತಿಯೇ ಸರಿ ಅನ್ನೋ ಹಾಗೂ ಇಲ್ಲ. ದೋಷ ಹುಡುಕೋದರಲ್ಲಿ ನಮ್ಮವರ ಕೈ ಮೇಲು. ಹುಡುಕಿದ ಮೇಲೆ ಮಾಡೋದು ನೋಡಿದರೆ ಅಳು ಬರುತ್ತೆ. ಎರಡು ವೈರು ಹೆಣೆದು ಟೇಪ್ ಸುತ್ತೋದು. ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ. ತೀರಾ ಆಗದಿದ್ದರೆ "ಡೈರೆಕ್ಟ್ ಕೊಟ್ಬಿಡ್ತೀನಿ ಸಾರ್", ಅಂದರೆ ಬ್ಯಾಟರಿಯಿಂದ ಫ್ಯೂಸೇ ಇಲ್ಲದ ಒಂದು ವೈರು. ಬಟ್ಟೆ ಸುತ್ತಿದ ಹಳೇ ವೈರುಗಳ ಪಕ್ಕದಲ್ಲಿ ಅಂಥದ್ದೊಂದು ಬಿಸಿಯಾದರೆ ಕಾರೇ ಉಳಿಯಲ್ಲ. ಈ ವಿಷಯದಲ್ಲಿ ಇಲ್ಲಿನವರ ಶಿಸ್ತಿಗೆ ನಾನು ಪೂರ್ತಿ ಶರಣು. ಮೊದಲು ಬ್ಯಾಟರಿ ಕಳಚುತ್ತಾರೆ. ತಗಡು ಫಳಫಳ ಅನ್ನುವವರೆಗೆ ಕೆರೆಯುತ್ತಾರೆ. ಹೊಸ ಟರ್ಮಿನಲ್ಲನ್ನು ಅದರದ್ದೇ ಇಕ್ಕಳದಲ್ಲಿ ಒತ್ತಿ, ಮೇಲೆ ವ್ಯಾಸಲೀನ್ ಸವರುತ್ತಾರೆ. ರೇಡಿಯೋಗೆ ಅದರದ್ದೇ ಸಣ್ಣ ಫ್ಯೂಸ್ ಹಾಕುತ್ತಾರೆ. ಕಾರಿನ ಮೂಲ ಗಾಜಿನ ಫ್ಯೂಸು 35 ಆಂಪಿಯರಿದ್ದು, ಅದು ಕರಗೋ ಹೊತ್ತಿಗೆ ರೇಡಿಯೋ ಹೊಗೆಯಾಗಿರುತ್ತೆ. ನಾನೂ ಹಾಗೇ ಮಾಡಿದೆ.

ಬಲ್ಬಿನ ಕತೆ ಕೇಳಿ ಹೊಸ ಕಾರಿನಲ್ಲಿ ಪ್ರಯೋಗ ಮಾಡಬೇಡಿ ಮತ್ತೆ. ಕಂಪ್ಯೂಟರ್, ಏರ್‌ಬ್ಯಾಗ್ ಇರುವ ವೈರಿಗೆ ಅಷ್ಟು ಕರೆಂಟು ಎಳೆಯೋ ಬಲ್ಬು ಮುಟ್ಟಿಸಿದರೆ ಬೇರೆಯೇ ಖರ್ಚು ಬೀಳುತ್ತೆ. ಕಂಪ್ಯೂಟರೇ ಇಲ್ಲದ ಗಾಡಿಗಷ್ಟೇ ಅದು.

ಈಗ ಲೈಟ್ ಹಾಕಿದರೂ ರೇಡಿಯೋ ಹಾಡುತ್ತೆ. ಎಷ್ಟು ಸ್ಪಷ್ಟ ಅಂದರೆ, ಮೊದಲು ಕೇಳದೇ ಇದ್ದ ಒಂದು ಕುಯ್ಯೋ ಸದ್ದೂ ಕೇಳುತ್ತಿದೆ. ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಬ್ಯಾಟರಿ ಚಾರ್ಜ್ ಮಾಡೋ ಡೈನಮೋದ್ದು. ಆ ಸದ್ದು ಅಡಗಿಸೋಕೆ ಅದರ ದಪ್ಪ ಟರ್ಮಿನಲ್ಲಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬೇಕು. ಪಕ್ಕದ ಸಣ್ಣದಕ್ಕೆ ತಪ್ಪಿಯೂ ಹಾಕಬಾರದು. ತಂದು ಡ್ಯಾಶ್‌ಬೋರ್ಡ್ ಮೇಲೇ ಇಟ್ಟಿದ್ದೀನಿ. ಬೆನ್ನು ಸ್ವಲ್ಪ ಸರಿಯಾಗಲಿ.