ಒಳಗಿರೋರಿಗೆ ನೆಟ್‌ವರ್ಕು, ಹೊರಗಿರೋರಿಗೆ ಎನ್‌ಕ್ವೈರಿ

ಪರಪ್ಪನ ಅಗ್ರಹಾರ ಜೈಲಿನ ವಿಡಿಯೋ ಬಗ್ಗೆ ಬರೀಬಾರ್ದು ಅಂದ್ಕೊಂಡಿದ್ದೆ, ಎಲ್ರೂ ನೋಡಿದ್ದೀರ, ಫ್ಯಾಮಿಲಿ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಪಕ್ಕದಲ್ಲೇ ಬಂದಿತ್ತು. 2025ರ ನವೆಂಬರ್, ಬ್ಯಾರಕ್ಕಲ್ಲಿ ಮೊಬೈಲು, ಟಿವಿ, ಇನ್ನೊಂದು ಕ್ಲಿಪ್ಪಲ್ಲಿ ಕುಣಿತ. ಅದಕ್ಕೂ ಮುಂಚೆ 2024ರ ಆಗಸ್ಟಲ್ಲಿ ದರ್ಶನ್ ಫೋಟೋ, ಹುಲ್ಲಿನ ಮೇಲೆ ಕುರ್ಚಿ, ಸಿಗರೇಟು, ಕಾಫಿ ಮಗ್ಗು. ಅದಕ್ಕೂ ಮುಂಚೆ 2017ರಲ್ಲಿ ತಮಿಳುನಾಡಿನ ಶಶಿಕಲಾ ಅವ್ರ ಸ್ಪೆಷಲ್ ಅಡುಗೆಮನೆ ಬಗ್ಗೆ ಡಿಐಜಿ ರೂಪಾ ರಿಪೋರ್ಟ್ ಬರೆದ್ರು, ಬರೆದ ಮೇಡಮ್ಮಿಗೂ ಟ್ರಾನ್ಸ್‌ಫರ್, ಆರೋಪ ಬಂದ ಸಾಹೇಬ್ರಿಗೂ ಟ್ರಾನ್ಸ್‌ಫರ್, ಸಮಾನತೆ ಅಂದ್ರೆ ಇದೇ ನೋಡಿ.

ಪ್ರತಿ ಸಲ ಅದೇ ಕಥೆ. ಸಸ್ಪೆಂಡು, ಒಂದು ಸಮಿತಿ, ಆಮೇಲೆ "ಭದ್ರತೆ ಬಿಗಿ". ಎಲ್ಲಿ ಬಿಗಿ ಮಾಡ್ತಾರೆ ಅನ್ನೋದೇ ಮಜಾ. ಒಳಗಡೆ ಬಿಗಿ ಮಾಡೋಕೆ ಕಷ್ಟ, ಅಲ್ಲಿ ಎಲ್ಲಾ ಪರಿಚಯದವ್ರು. ಅದಕ್ಕೆ ಗೇಟಿನ ಹೊರಗೆ ಬಾಳೆಹಣ್ಣು, ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಂಡು ಬೆಳಿಗ್ಗೆಯಿಂದ ನಿಂತಿರೋ ಕ್ಯೂ ಇದೆಯಲ್ಲ, ಅದನ್ನ ಬಿಗಿ ಮಾಡ್ತಾರೆ.

ನಮ್ಮ ಏರಿಯಾದಲ್ಲಿ ಆಟೋ ಓಡಿಸೋ ಒಬ್ಬ ಅಣ್ಣ ಇದಾನೆ. ಮೀಸೆ ಸರಿಯಾಗಿ ಬರೋಕೆ ಮುಂಚೆ ಗಣೇಶನ ಮೆರವಣಿಗೇಲಿ ಯಾವನೋ ಯಾವನಿಗೋ ಹೊಡೆದು, ಬಿಡಿಸೋಕೆ ಹೋದೋನ ಹೆಸರೂ ಎಫ್‌ಐಆರಲ್ಲಿ ಸೇರಿ, ಸ್ಟೇಷನ್ನಲ್ಲಿ ಒಂದು ರೌಡಿ ಶೀಟೂ ಓಪನ್ ಆಯ್ತು. ಕೇಸು ಯಾವತ್ತೋ ಖುಲಾಸೆ ಆಗಿದೆ. ಶೀಟು ಮಾತ್ರ ಹಾಗೇ ಇದೆ, ಎಲೆಕ್ಷನ್ ಬಂದ್ರೆ, ಗಣೇಶ ಬಂದ್ರೆ ಪಾಪ ಇವನನ್ನ ಕರೆಸಿ, ಸಾಲಾಗಿ ನಿಲ್ಲಿಸಿ, "ಬಾಲ ಬಿಚ್ಚಬೇಡಿ" ಅಂತ ಭಾಷಣ ಮಾಡಿ ಕಳಿಸ್ತಾರೆ. ಈಗ ಇವನ ತಮ್ಮ ಒಳಗಿದಾನೆ, ವಿಚಾರಣಾಧೀನ. ಜೈಲು ಯಾವ್ದು ಅಂತ ಬೇಡ, ಆಮೇಲೆ ನಂಗೂ ಒಂದು ಶೀಟು ಓಪನ್ ಆದೀತು.

ತಮ್ಮನ್ನ ನೋಡೋಕೆ ಹೋದ ಅಣ್ಣ ಜೈಲ್ ಗೇಟಲ್ಲಿ ಆಧಾರ್ ಕೊಟ್ಟ, ಟೋಕನ್ ತಗೊಂಡ, ಕೂತ. ಸುಮಾರು ಹೊತ್ತಾದ ಮೇಲೆ ಕರೆದ್ರು. "ಏನಯ್ಯಾ, ನೀನೂ ಹಳೇ ಗಿರಾಕಿನಾ?" "ಸಾರ್, ಖುಲಾಸೆ ಆಗಿದೆ ಸಾರ್." "ಅದೆಲ್ಲ ಕೋರ್ಟಲ್ಲಿ ಹೇಳು." ಕೋರ್ಟಲ್ಲಿ ಹೇಳಿದ್ದಕ್ಕೇ ಅಲ್ವಾ ಖುಲಾಸೆ ಆಗಿದ್ದು! ಮನೇಲಿ ಬೇರೆ ಯಾರೂ ಇಲ್ವಾ ಬರೋಕೆ ಅಂತ ಕೇಳಿದ್ರಂತೆ. ಇದಾರೆ, ಅಮ್ಮ ಇದಾರೆ, ಮಂಡಿ ನೋವು, ಬಸ್ ಹತ್ತೋಕಾಗಲ್ಲ. ಹಾಗಾದ್ರೆ ಸ್ಟೇಷನ್ನಿಂದ ಲೆಟರ್ ತಗೊಂಡ್ ಬಾ ಅಂತ ಟೋಕನ್ ವಾಪಸ್ ಕಿತ್ಕೊಂಡ್ರು. ಸ್ಟೇಷನ್ನಲ್ಲಿ ಹೋಗಿ ಕೇಳಿದ್ರೆ ಅಂಥಾ ಲೆಟರೆಲ್ಲ ನಾವು ಕೊಡಲ್ಲ, ಜೈಲಲ್ಲೇ ಕೇಳು ಅಂದ್ರು.

ಬ್ರಿಟಿಷರು ಮಾಡಿದ 1894ರ ಕಾರಾಗೃಹ ಕಾಯ್ದೆ ತೆಗೆದು ನೋಡಿದೆ. ಸೆಕ್ಷನ್ 41ರಲ್ಲಿ ನೋಡೋಕೆ ಬಂದೋರ ಹೆಸರು, ವಿಳಾಸ ಕೇಳ್ಬಹುದು, ಅನುಮಾನ ಬಂದ್ರೆ ತಪಾಸಣೆ ಮಾಡ್ಬಹುದು, ತಪಾಸಣೆಗೆ ಒಪ್ಪಲಿಲ್ಲ ಅಂದ್ರೆ ವಾಪಸ್ ಕಳಿಸ್ಬಹುದು ಅಂತಿದೆ. ಹಳೇ ಕೇಸಿನ ಮಾತೇ ಆ ಸೆಕ್ಷನ್ನಲ್ಲಿಲ್ಲ. ನಮ್ಮ ರಾಜ್ಯ 1963ರಲ್ಲಿ ತನ್ನದೇ ಕಾಯ್ದೆ ಮಾಡ್ಕೊಂಡಿದೆ ಬಿಡಿ, ಆದ್ರೆ ನಮ್ಮಲ್ಲಿ ಕೆಲವು ಬುಡಕಟ್ಟುಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದ್ದ ಬ್ರಿಟಿಷರಿಗೂ ಕಾಗದದ ಮೇಲೆ ಬರೀಬೇಕು ಅಂತ ಹೊಳೀದಿದ್ದು ನಮ್ಮ ಗೇಟಲ್ಲಿ ಕೂತಿರೋರಿಗೆ ಬಾಯಲ್ಲೇ ಹೊಳೆಯುತ್ತೆ.

ಅಂದಹಾಗೆ ಜಾಮರ್ ಕಥೆ ಗೊತ್ತಲ್ಲ. ಪರಪ್ಪನ ಅಗ್ರಹಾರದಲ್ಲಿ ಕೈದಿಗಳು ಮೊಬೈಲಲ್ಲಿ ಮಾತಾಡಬಾರ್ದು ಅಂತ ಭಾರೀ ಪವರಿನ ಜಾಮರ್ ಹಾಕಿದ್ರು. ಸುತ್ತಮುತ್ತಲ ಮನೆಯವ್ರು ನಮ್ಮ ಫೋನೇ ಸತ್ತೋಗಿದೆ ಅಂತ ದೂರು ಕೊಟ್ರು. ಯೋಚನೆ ಮಾಡಿ, ಯಾವ ಅಪರಾಧನೂ ಮಾಡದೆ, ಇಎಂಐ ಕಟ್ಕೊಂಡು ಫ್ಲ್ಯಾಟ್ ತಗೊಂಡೋನು ಒಂದು ಓಟಿಪಿಗೋಸ್ಕರ ಮೂರನೇ ಮಹಡಿಯಿಂದ ಟೆರೇಸಿಗೆ ಓಡಬೇಕು, ಅಲ್ಲೇ ಗೋಡೆ ಆಚೆ ವಿಡಿಯೋ ಕಾಲು ನಡೀತಿರುತ್ತೆ. ಆ ಏರಿಯಾದಲ್ಲಿ ಬಾಡಿಗೆ ಬೋರ್ಡಲ್ಲಿ "ನೆಟ್‌ವರ್ಕ್ ಬೇಕಾದವರು ಒಳಗೆ ವಿಚಾರಿಸಿ" ಅಂತ ಹಾಕ್ಬೇಕು. ಈಗ ಮನೆಯಿಂದಲೇ ಇ-ಮುಲಾಖಾತ್ ಮಾಡ್ಕೊಳ್ಳಿ, ಆನ್‌ಲೈನಲ್ಲಿ ನೋಡ್ಕೊಳ್ಳಿ ಅಂತಾನೂ ಹೇಳ್ತಾರೆ, ಬಹಳ ಒಳ್ಳೇ ಯೋಜನೆ, ಜೈಲಿನ ಪಕ್ಕದಲ್ಲೇ ಮನೆ ಇರೋರು ಮಾತ್ರ ಬೇರೆ ಕಡೆ ಹೋಗಿ ಮಾಡ್ಬೇಕು.

ಹಳೇ ಕೇಸು ಇರೋರು ಜೈಲಿಗೆ ಹೋಗಿ ಯಾರನ್ನೂ ನೋಡಬಾರ್ದು ಅನ್ನೋದು ಒಳ್ಳೇ ನಿಯಮನೇ ಅಂತಿಟ್ಕೊಳ್ಳಿ. ಎಲ್ರಿಗೂ ಹಾಕಿ ನೋಡೋಣ. 2019ರ ಅಕ್ಟೋಬರ್ 23ಕ್ಕೆ ತಿಹಾರಲ್ಲಿದ್ದ ಡಿಕೆಶಿಯವ್ರನ್ನ ನೋಡೋಕೆ ಸೋನಿಯಾ ಗಾಂಧಿ ಹೋಗಿದ್ರು, ಅವ್ರೂ ಆಗ ನ್ಯಾಷನಲ್ ಹೆರಾಲ್ಡ್ ಕೇಸಲ್ಲಿ ಬೇಲ್ ಮೇಲಿದ್ರು. ಸ್ಟೇಷನ್ನಿಂದ ಲೆಟರ್ ತಂದಿದ್ರಾ ಅಂತ ಯಾರಾದ್ರೂ ಕೇಳಿದ್ರಾ? ಆ ಕಡೆ ಬಿಜೆಪಿಯವ್ರು ಜೋರಾಗಿ ನಗಬೇಡಿ, 2022ರ ನವೆಂಬರಲ್ಲಿ ಚಾಮರಾಜಪೇಟೆ ರಕ್ತದಾನ ಶಿಬಿರದ ವೇದಿಕೆ ಫೋಟೋ ಇನ್ನೂ ನನ್ನ ಫೋನಲ್ಲಿದೆ, ಸಂಸದರು ಯಾರು, ಪೊಲೀಸರ ಲಿಸ್ಟಲ್ಲಿ ಇರೋರು ಯಾರು ಅಂತ ಹೂವಿನ ಹಾರದಲ್ಲಿ ಗೊತ್ತೇ ಆಗಲ್ಲ. 2024ರ ಲೋಕಸಭೆಗೆ ಗೆದ್ದ 543 ಜನರಲ್ಲಿ 251 ಜನ ನಮ್ ಮೇಲೆ ಕ್ರಿಮಿನಲ್ ಕೇಸಿದೆ ಅಂತ ತಾವೇ ಅಫಿಡವಿಟ್ಟಲ್ಲಿ ಬರ್ಕೊಟ್ಟಿದಾರೆ, ಚುನಾವಣೆ ಮೇಲೆ ಕಣ್ಣಿಡೋ ಎಡಿಆರ್ ಸಂಸ್ಥೆ ಲೆಕ್ಕ. ಅವ್ರು ಪಾರ್ಲಿಮೆಂಟ್ ಗೇಟಲ್ಲಿ ಸಲ್ಯೂಟ್ ತಗೊಂಡು ಒಳಗೆ ಹೋಗ್ತಾರೆ. ಜೈಲಲ್ಲಿ ಕೂತೇ ಗೆದ್ದೋರು ಇಬ್ಬರು, ಪಂಜಾಬಿಂದ ಒಬ್ರು, ಕಾಶ್ಮೀರದಿಂದ ಒಬ್ರು. ವಿಚಾರಣಾಧೀನ ಕೈದಿ ಎಲೆಕ್ಷನ್ನಿಗೆ ನಿಲ್ಲಬಹುದು, ಆದ್ರೆ ಓಟ್ ಹಾಕೋ ಹಾಗಿಲ್ಲ, ಪ್ರಜಾಪ್ರತಿನಿಧಿ ಕಾಯ್ದೆ ಸೆಕ್ಷನ್ 62. ತನಗೆ ತಾನೇ ಓಟ್ ಹಾಕ್ಕೊಳ್ಳೋಕಾಗಲ್ಲ, ಲಕ್ಷಾಂತರ ಜನರಿಂದ ಹಾಕಿಸ್ಕೋಬಹುದು. ಇದನ್ನ ಮೂರು ಸಲ ಓದಿದೆ, ನಗು ಬಂತು, ಆಮೇಲೆ ಬರಲಿಲ್ಲ.

ಯಾಕಂದ್ರೆ 2022ರಲ್ಲಿ ದೇಶದ ಜೈಲುಗಳಲ್ಲಿದ್ದ ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ ಜನಕ್ಕೆ ಇನ್ನೂ ಶಿಕ್ಷೆನೇ ಆಗಿರಲಿಲ್ಲ ಕಣ್ರೀ. ಆ ವರ್ಷದ ಎನ್‌ಸಿಆರ್‌ಬಿ (ಕೇಂದ್ರದ ಅಪರಾಧ ದಾಖಲೆ ಬ್ಯೂರೋ) ಲೆಕ್ಕದಲ್ಲಿ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಇವ್ರನ್ನ ನೋಡೋಕೆ ಬರೋರು ಯಾರು? ಆ ದಿನದ ಕೂಲಿ ಬಿಟ್ಟು ಬರೋರು. ಇಂಥವ್ರ ಕೇರಿಲಿ ಪೊಲೀಸ್ ಕೇಸೇ ಇಲ್ಲದ ಗಂಡಸು ಎಲ್ಲಿಂದ ಸಿಗ್ತಾನೆ, ಬೀದಿಲಿ ಏನಾದ್ರೂ ಆದ್ರೆ ಮೊದ್ಲು ಎತ್ತಾಕ್ಕೊಂಡು ಹೋಗೋದೇ ಅವ್ರನ್ನ. ದುಡ್ಡಿರೋನಿಗೆ ಒಳಗೇ ಟಿವಿ ಹೋಗುತ್ತೆ, ಸೋಫಾ ಹೋಗಿಲ್ಲ ಅಂದ್ರೆ ಬಾಗಿಲು ಚಿಕ್ಕದು ಅಂತ ಅಷ್ಟೇ. ಇವ್ನು ತಮ್ಮನ ಮುಖ ನೋಡೋಕೆ ಬಂದ್ರೆ ರಾಷ್ಟ್ರೀಯ ಭದ್ರತೆ ಅಲ್ಲಾಡುತ್ತೆ. ಸುಸ್ತಾಗುತ್ತೆ, ನಿಜವಾಗ್ಲೂ.

ಆದ್ರೂ ಅಣ್ಣನಿಗೆ ದಾರಿ ಒಂದಿದೆ. 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ ಜೈಲುಗಳನ್ನ ನೋಡಿ ಬರೋಕೆ ಒಂದು ಸಂದರ್ಶಕರ ಮಂಡಳಿ ಇರಬೇಕು, ಅದರಲ್ಲಿ ಶಾಸಕರೂ ಇರ್ತಾರೆ. ಸೀದಾ ಒಳಗೆ ಹೋಗಿ ಅಡುಗೆಮನೆ ನೋಡ್ಬಹುದು, ಸಾಂಬಾರ್ ರುಚಿ ನೋಡಿ ತಲೆ ಆಡಿಸ್ಬಹುದು. ನಾಮಪತ್ರದ ಜೊತೆ ಕೊಡೋ ಫಾರಂ 26ರಲ್ಲಿ ಕೇಸು ಬರೆಯೋಕೆ ಅಂತಾನೇ ಕಾಲಂ ಇದೆ, ಎಷ್ಟು ಬರೆದ್ರೂ ಟೋಕನ್ ವಾಪಸ್ ಕಿತ್ಕೊಳ್ಳಲ್ಲ. ಎಮ್ಮೆಲ್ಲೆಗೆ ನಿಂತ್ಕೋ ಅಣ್ಣ ಅಂದೆ.

"ಡೆಪಾಸಿಟ್ ಎಷ್ಟು ಸಾರ್?"

"ಹತ್ತು ಸಾವಿರ."

"ಅಷ್ಟೇನಾ? ಲಾಯರ್ರು ಅಡ್ವಾನ್ಸೇ ಅದಕ್ಕಿಂತ ಜಾಸ್ತಿ ಇಸ್ಕೊಂಡ್ರಲ್ಲ ಸಾರ್."