ಎಂಟನೆಯ ರೆಬ್ಬೆ ಬೇಡವಾಗಿತ್ತೇ?

ಹಸಿದಿಕ್ ಯಹೂದಿಗಳ ಖಬಾದ್-ಲುಬಾವಿಚ್ ಪಂಥದ ಏಳನೆಯ ರೆಬ್ಬೆ, ಅಂದರೆ ಪಂಥದ ಪರಮಗುರು, ಮೆನಖೆಮ್ ಮೆಂಡೆಲ್ ಶ್ನೀರ್ಸನ್ 1994ರ ಜೂನ್ 12ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮ ನಂತರ ಇಂಥವರು ಎಂದು ಯಾರ ಹೆಸರನ್ನೂ ಹೇಳಿರಲಿಲ್ಲ. ಆ ಪೀಠಕ್ಕೆ ಇಂದಿಗೂ ಯಾರೂ ಬಂದಿಲ್ಲ. ಹಾಗೆ ಬಿಟ್ಟು ಹೋದದ್ದು ಸರಿಯೇ?

ಪರ

ಯಾರನ್ನೋ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಖಬಾದ್ ಕೇಂದ್ರವಿರುವ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನದೇ ಇನ್ನೊಂದು ಹಸಿದಿಕ್ ಪಂಥವಾದ ಸಾತ್ಮಾರ್‌ನ ರೆಬ್ಬೆ 2006ರಲ್ಲಿ ತೀರಿಕೊಂಡಾಗ ಅವರ ಗಂಡುಮಕ್ಕಳಲ್ಲಿ ಇಬ್ಬರು ರೆಬ್ಬೆಗಳಾದರು, ಪಂಥ ಎರಡು ಹೋಳಾಯಿತು. ತಂದೆ ಬದುಕಿದ್ದಾಗಲೇ ಜಗಳ ಕೋರ್ಟು ಕಟ್ಟೆ ಹತ್ತಿತ್ತು.

ಶ್ನೀರ್ಸನ್ ನೇತೃತ್ವ ಕೂಡಿಡುವ ಜಾಯಮಾನದವರಲ್ಲ. 1986ರಿಂದ ಭಾನುವಾರಗಳಂದು, ಎಂಬತ್ತು ದಾಟಿದ ಈ ಮುದುಕರು ಗಂಟೆಗಟ್ಟಲೆ ನಿಂತೇ, ಸಾಲಿನಲ್ಲಿ ಬಂದವರ ಕೈಗೆಲ್ಲ ಒಂದೊಂದು ಡಾಲರ್ ನೋಟು ಕೊಡುತ್ತಿದ್ದರು. ನೋಟು ದಾನಕ್ಕೆಂದೇ ಕೊಟ್ಟದ್ದು. (ಎಷ್ಟೋ ಜನ ಆ ನೋಟಿಗೆ ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡು, ಬದಲಿಗೆ ತಮ್ಮ ಜೇಬಿನ ಡಾಲರನ್ನು ದಾನ ಮಾಡಿದರು. ಭಕ್ತಿಯ ಲೆಕ್ಕಾಚಾರವೇ ಬೇರೆ!) ತೆಗೆದುಕೊಳ್ಳಲು ಬಂದವರು ಕೊಡುವವರಾಗಿ ಹೋಗುತ್ತಿದ್ದರು.

ಜವಾಬ್ದಾರಿಯನ್ನೂ ಹಾಗೇ ಹಂಚಿದರು. ಮದುವೆಯಾದ ಹೊಸ ಜೋಡಿಗಳನ್ನು ದೂತರೆಂದು ದೂರದೂರುಗಳಿಗೆ ಕಳಿಸಿದರು. ಅಲ್ಲೇ ನೆಲೆಸಬೇಕು, ಖರ್ಚಿಗೆ ಅಲ್ಲೇ ಹಣ ಹುಟ್ಟಿಸಿಕೊಳ್ಳಬೇಕು. 1991ರ ಏಪ್ರಿಲ್‌ನಲ್ಲಿ, ನನ್ನ ಕೈಲಾದದ್ದೆಲ್ಲ ಮಾಡಿದ್ದೇನೆ, ಇನ್ನು ನೀವುಂಟು ಎಂಬರ್ಥದ ಮಾತನ್ನು ಸಭೆಯಲ್ಲೇ ಆಡಿಬಿಟ್ಟರು. ಮರುವರ್ಷ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಪಂಥ ನಿಲ್ಲಲಿಲ್ಲ. 2008ರ ನವೆಂಬರ್ 26ರ ದಾಳಿಯಲ್ಲಿ ಮುಂಬೈಯ ನರಿಮನ್ ಹೌಸ್‌ನಲ್ಲಿದ್ದ ದೂತ ದಂಪತಿ ಗವ್ರಿಯೆಲ್ ಮತ್ತು ರಿವ್ಕಾ ಹೋಲ್ಟ್ಸ್‌ಬರ್ಗ್ ಹತರಾದರು. ಆ ಜಾಗಕ್ಕೆ ಬೇರೊಂದು ದಂಪತಿ ಬಂದರು. 2014ರಲ್ಲಿ ಅದೇ ಕಟ್ಟಡದ ಬಾಗಿಲು ತೆರೆಯಿತು. ಇದಕ್ಕೆಲ್ಲ ಎಂಟನೆಯ ರೆಬ್ಬೆಯ ಅಪ್ಪಣೆ ಬೇಕಾಗಲಿಲ್ಲ.

ವಿರೋಧ

ಪೀಠ ಖಾಲಿ ಇದೆ ಎಂದು ಹೇಳಿದವರಾರು? ಪಂಥದ ಕೇಂದ್ರವಾದ 770, ಈಸ್ಟರ್ನ್ ಪಾರ್ಕ್‌ವೇಯಲ್ಲಿ ಈಗಲೂ ರೆಬ್ಬೆಯೇ ಮೆಸ್ಸಾಯ (ಯಹೂದಿಗಳು ಕಾಯುತ್ತಿರುವ ಉದ್ಧಾರಕ), ಅವರು ಚಿರಂಜೀವಿ ಎಂದು ಹಾಡುವವರಿದ್ದಾರೆ. ಮುಖ್ಯ ಸಂಸ್ಥೆಗಳು ಇದನ್ನು ಒಪ್ಪುವುದಿಲ್ಲ, ಸರಿ. ಆದರೆ ಬಾಯಿ ಮುಚ್ಚಿ ಎಂದು ಗದರುವ ಅಧಿಕಾರ ಯಾರಿಗಿದೆ?

ಕೋರ್ಟು ತಪ್ಪಿತು ಎನ್ನುವುದೂ ಸುಳ್ಳು. 770ರ ಪ್ರಾರ್ಥನಾಮಂದಿರ ಯಾರ ಸುಪರ್ದಿಗೆ ಸೇರಬೇಕೆಂದು ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. 2024ರ ಜನವರಿಯಲ್ಲಿ ಕೆಲವು ಯುವಕರು ಅದರ ಪಕ್ಕದಲ್ಲಿ ಕದ್ದು ಸುರಂಗ ತೋಡಿದ್ದು ಬಯಲಾಯಿತು. ಅದನ್ನು ಮುಚ್ಚಲು ಸಿಮೆಂಟ್ ಬಂದಾಗ ಮಂದಿರದ ಗೋಡೆಯ ಹಲಗೆಗಳನ್ನೇ ಕಿತ್ತರು, ಪೊಲೀಸರು ಎಳೆದೊಯ್ದರು. ಮಂದಿರ ದೊಡ್ಡದಾಗಬೇಕೆಂಬುದು ರೆಬ್ಬೆಯ ಇಚ್ಛೆ ಎಂಬುದು ಅವರ ಕಡೆಯವರ ಸಮರ್ಥನೆ. ಬಹುಪಾಲು ಹುಡುಗರು ರೆಬ್ಬೆ ತೀರಿಕೊಂಡ ಮೇಲೆ ಹುಟ್ಟಿದವರು!

1950ರಲ್ಲಿ ಮಾವ, ಆರನೆಯ ರೆಬ್ಬೆ, ತೀರಿಕೊಂಡಾಗ ಸ್ವತಃ ಶ್ನೀರ್ಸನ್ ಪಟ್ಟಕ್ಕೆ ಬರಲು ಒಂದು ವರ್ಷ ಹಿಂದೇಟು ಹಾಕಿದ್ದರು. ಕೊನೆಗೆ ಒಪ್ಪಿದರು. ಜನ ಬಿಡಲಿಲ್ಲ, ಅವರಿಗೆ ಎದುರಿಗೆ ಕೂತು ಕೇಳಿಸಿಕೊಳ್ಳುವವರು ಬೇಕಿತ್ತು. ಶ್ನೀರ್ಸನ್ ಎಷ್ಟೋ ವರ್ಷ ರಾತ್ರಿಯೆಲ್ಲ ಎಚ್ಚರವಿದ್ದು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಈಗ ಕಷ್ಟ ಬಂದವರು ಅವರ ಪತ್ರಗಳ ಸಂಪುಟವೊಂದನ್ನು ಕಣ್ಣಿಗೆ ಬಿದ್ದ ಪುಟಕ್ಕೆ ತೆರೆದು, ಇನ್ಯಾರಿಗೋ ಎಂದೋ ಬರೆದ ಉತ್ತರವನ್ನು ತಮ್ಮದೆಂದು ಓದಿಕೊಳ್ಳುತ್ತಾರೆ.