ದುರ್ಗದ ಬಂಡೆಯ ಬಣ್ಣ

ಹೋದ ತಿಂಗಳು ನಮ್ಮ ಬಾತ್‌ರೂಮಿನ ಹಳೇ ಬೇಸಿನ್ ಕಟ್ಟೆಗೆ ಬಣ್ಣ ಬಳಿದೆ. ಮುಗಿದ ಮೇಲೆ ನೋಡಿದರೆ ಕಲ್ಲೇ ಅನ್ನಬೇಕು, ಹಾಗಾಗಿತ್ತು. ಖುಷಿಯಿಂದ ವಿಡಿಯೋ ಕಾಲ್ ಮಾಡಿ ಚಿತ್ರದುರ್ಗದಲ್ಲಿರುವ ಅಣ್ಣನಿಗೆ ತೋರಿಸಿದೆ. "ಏನೋ, ದುರ್ಗದಾಗೆ ಹುಟ್ಟಿ ಬಣ್ಣದ ಕಲ್ಲು ಮಾಡ್ಕೊಂಡು ಕೂತಿದೀಯಲ್ಲೋ! ಇಲ್ಲಿಗೆ ಬಾ, ಒಂದು ಲಾರಿ ಕಲ್ಲು ಕೊಡಿಸ್ತೀನಿ" ಅಂದ. ಹಿಂದಿನಿಂದ ಅತ್ತಿಗೆ, ಮಕ್ಕಳು ಎಲ್ಲ ನಕ್ಕರು. ನನಗೆ ನಿಜವಾಗಿಯೂ ಬೇಜಾರಾಯಿತು.

ನಾವು ಅಮೆರಿಕದ ಓಹಾಯೋದಲ್ಲಿ ಕೊಂಡಿರುವುದು 1980ರ ದಶಕದ ಮನೆ. ಬೇಸಿನ್ ಕಟ್ಟೆ ಒಳಗೆ ಮರದ ಹೊಟ್ಟು ಒತ್ತಿದ ಹಲಗೆ, ಮೇಲೆ ನಮ್ಮ ಸನ್‌ಮೈಕಾದಂಥ ಹಾಳೆ. ಇಲ್ಲಿ ಅದಕ್ಕೆ ಫಾರ್ಮಿಕಾ ಅಂತಾರೆ. 1912ರಲ್ಲಿ ಈ ದೇಶದಲ್ಲೇ, ಕರೆಂಟಿನ ಕೆಲಸದಲ್ಲಿ ಮೈಕಾದ ಬದಲಿಗೆ ಬಳಸಲು ಹುಟ್ಟಿದ ವಸ್ತು ಅದು. ನಮ್ಮದು ಮಾಸಿ ಹಳದಿಯಾಗಿತ್ತು, ಆದರೆ ಗಟ್ಟಿಯಾಗಿತ್ತು. ಕಿತ್ತುಹಾಕಲು ಮನಸ್ಸು ಬರಲಿಲ್ಲ.

ಪಕ್ಕದ ಮನೆಯವರಿಗೆ ಎಪ್ಪತ್ತು ದಾಟಿದೆ. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ನಾನು ಕೇಳಿದ್ದು ಸುಮ್ನೆ ಒಂದು ಮಾತು. ಶನಿವಾರ ಬೆಳಿಗ್ಗೆ ಉಜ್ಜುವ ಮೆಷಿನ್ ಹಿಡಿದು ಅವರೇ ಬಾಗಿಲಿಗೆ ಬಂದರು. ಮೊದಲು ಬೇಸಿನ್ ಸುತ್ತಲಿನ ಸಂದಿಗೆ ಹಚ್ಚಿದ್ದ ಹಳೇ ಸಿಲಿಕೋನ್ ಅಂಟನ್ನು ಪೂರ್ತಿ ಕೆರೆಸಿದರು, ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲವಂತೆ. ಆಮೇಲೆ ಸೋಪಿನ ಜಿಡ್ಡು ತೊಳೆದು, ಉಪ್ಪುಕಾಗದ ಹಾಕಿ ಹೊಳಪು ಹೋಗುವವರೆಗೆ ಉಜ್ಜಿ, ಪ್ರೈಮರ್ ಬಳಿದೆವು.

ಕಲ್ಲಿನ ಬಣ್ಣ ಬರುವುದು ಸ್ಪಂಜಿನಲ್ಲಿ. ಪ್ರತಿ ಸಲ ಒತ್ತುವಾಗಲೂ ಸ್ಪಂಜನ್ನು ಸ್ವಲ್ಪ ತಿರುಗಿಸಬೇಕು, ಇಲ್ಲದಿದ್ದರೆ ಸೀರೆ ಅಂಚಿನ ಅಚ್ಚಿನ ಹಾಗೆ ಒಂದೇ ಗುರುತು ಸಾಲಾಗಿ ಕೂರುತ್ತದೆ. ಡಬ್ಬಿ ಮೇಲೆ ಬಿಳಿ ಅಮೃತಶಿಲೆಯ ಚಿತ್ರವಿತ್ತು. ನನಗೆ ಅದು ಬೇಡವಾಗಿತ್ತು. ಕೋಟೆ ಹತ್ತುವಾಗ ಕೈ ಊರುತ್ತಿದ್ದ ಬಂಡೆ ಬೇಕಿತ್ತು. ಬೂದಿ ಬಣ್ಣ, ಅದರಲ್ಲಿ ಕರಿ ಚುಕ್ಕೆ, ಅಲ್ಲಲ್ಲಿ ತೆಳು ಗುಲಾಬಿ. ತುಪ್ಪದ ಕೊಳದ ಹತ್ತಿರ ಮಳೆಯಲ್ಲಿ ನೆನೆದು ನಿಂತ ಕಲ್ಲನ್ನು ಕಣ್ಣಮುಂದೆ ಇಟ್ಟುಕೊಂಡು ಒತ್ತುತ್ತಾ ಹೋದೆ. ಮೂರು ಸಲ ಒರೆಸಿ ಮತ್ತೆ ಮಾಡಿದೆ. ಕೊನೆಗೆ ಎರಡು ಬಾಟಲಿಯ ಎಪಾಕ್ಸಿಯನ್ನು, ಅಂದರೆ ಗಾಜಿನ ಹಾಗೆ ಗಟ್ಟಿಯಾಗುವ ಅಂಟುದ್ರವವನ್ನು, ಸಮ ಸಮ ಕಲಸಿ ಸುರಿದು, ಬಿಸಿಗಾಳಿ ಬಿಟ್ಟು ಗುಳ್ಳೆ ಒಡೆದೆವು. ಒಂದು ವಾರ ಅದರ ಮೇಲೆ ಏನೂ ಇಡಲಿಲ್ಲ. ಬಣ್ಣದ ಸಾಮಾನಿಗೆ ಎಲ್ಲ ಸೇರಿ ಸುಮಾರು ನೂರೈವತ್ತು ಡಾಲರ್ ಆಯಿತು.

ಅಣ್ಣ ನಕ್ಕನಲ್ಲ, ಅವನ ಮನೆಯ ವಿಷಯವನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಹೋದಾಗ ದೊಡ್ಡಪೇಟೆಯ ನಮ್ಮ ಹಳೇ ಮನೆಯ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಬಕೆಟ್. "ಮೇಸ್ತ್ರಿಗೆ ಹೇಳಿದೀನಿ, ಬರ್ತಾನೆ" ಅಂದ. ನಾನಿದ್ದ ಮೂರು ವಾರವೂ ಅವನು ಬರಲಿಲ್ಲ. ಮನೆಯಲ್ಲಿ ಸ್ಪ್ಯಾನರ್ ಇತ್ತು, ಗಟ್ಟಿಮುಟ್ಟಾದ ಇಬ್ಬರು ಹುಡುಗರಿದ್ದರು. ವಾಶರ್ ಬದಲಿಸುವುದು ತಮ್ಮ ಕೆಲಸ ಅಂತ ಯಾರಿಗೂ ಅನ್ನಿಸಲಿಲ್ಲ. ನಾನೂ ಅದೇ ಮನೆಯಲ್ಲಿ ಹಾಗೇ ಬೆಳೆದವನು.

ಅದೇ ಮನೆಯಲ್ಲಿ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದ ರೆಡ್ ಆಕ್ಸೈಡ್ ನೆಲವಿತ್ತು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮೂಲೆಯಲ್ಲಿ ಎರಡು ಬಿರುಕು ಬಿಟ್ಟಿತ್ತು, ಅಷ್ಟೇ. ಕಳೆದ ವರ್ಷ ಅದನ್ನು ಪೂರ್ತಿ ಒಡೆಸಿ ಟೈಲ್ಸ್ ಹಾಕಿಸಿದರು. ಆ ಟೈಲ್ಸ್ ಏನು ಕಲ್ಲಾ? ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಮೆಷಿನ್ ಅಚ್ಚು ಹಾಕಿದ ಅಮೃತಶಿಲೆಯ ಚಿತ್ರ. ನನ್ನದೂ ಚಿತ್ರವೇ. ಆದರೆ ನಾನು ಇದ್ದದ್ದನ್ನು ಒಡೆಯಲಿಲ್ಲ, ನನ್ನ ಕೈಯಾರೆ ಮಾಡಿದೆ. ಆ ನೆಲ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೋಟೆಯಲ್ಲಿ ಬಂಡೆ ಸೀಳಲು ಬೆಣೆ ಹೊಡೆದ ಗುರುತು ಇವತ್ತಿಗೂ ಸಾಲಾಗಿ ಕಾಣುತ್ತದೆ. ಅಂಥ ಊರಿನವರು ನಾವು. ನಮ್ಮ ಮನೆಯ ಒಂದು ನಟ್ಟು ತಿರುಗಿಸಲು ಯಾಕಿಷ್ಟು ಸಂಕೋಚ? ಹಳೆಯದಾಯಿತು ಅಂದರೆ ಒಡೆಯುವುದೇ ಯಾಕೆ?

ಅಣ್ಣನ ಕಡೆಯ ಮಾತೂ ಇದೆ, ಒಪ್ಪಬೇಕು. ಇಲ್ಲಿ ಜನ ತಾವೇ ಕೆಲಸ ಮಾಡಿಕೊಳ್ಳುವುದಕ್ಕೆ ಕೂಲಿ ದುಬಾರಿ ಅನ್ನುವುದೇ ದೊಡ್ಡ ಕಾರಣ. ದುರ್ಗದಲ್ಲಿ ಮೇಸ್ತ್ರಿಗೆ ಕೊಡುವ ಕೂಲಿಯಲ್ಲಿ ಒಂದು ಮನೆ ನಡೆಯುತ್ತದೆ. ಇನ್ನು ನನ್ನ ಕಟ್ಟೆಯ ಮೇಲೆ ಕೂದಲಿನ ಬಿಸಿ ಇಸ್ತ್ರಿ ಇಡುವಂತಿಲ್ಲ, ಪುಡಿ ಹಾಕಿ ಉಜ್ಜುವಂತಿಲ್ಲ. ಕೆಲವು ವರ್ಷಕ್ಕೆ ಮತ್ತೆ ಬಳಿಯಬೇಕಾಗಬಹುದು. ಊರ ಬಚ್ಚಲಿನ ಚಪ್ಪಡಿ ಮಾತ್ರ ಇನ್ನೂ ಅಲ್ಲೇ ಇದೆ. ತಾತನ ಕಾಲದಿಂದ ಹಂಡೆಯ ಕುದಿನೀರು ಬಿದ್ದಿದೆ, ಬಟ್ಟೆ ಒಗೆದಿದ್ದಾರೆ, ಏನೂ ಆಗಿಲ್ಲ. ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ತಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ನನ್ನ ಕಟ್ಟೆಯ ಮೇಲೆ ಕೈ ಇಡುತ್ತೇನೆ. ಕಣ್ಣಿಗೆ ಅದು ದುರ್ಗದ ಬಂಡೆಯೇ, ಆದರೆ ಆ ತಂಪು ಇಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ಆ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆಯಂತೆ. ವಾಶರ್ ನಾನೇ ಬದಲಿಸುತ್ತೇನೆ, ಸ್ಪ್ಯಾನರ್ ಹಿಡಿಯಲು ಅಣ್ಣನ ಮಕ್ಕಳನ್ನೂ ಕರೆಯುತ್ತೇನೆ.